ಸಂತೆಯಲ್ಲಿ ಸಿಕ್ಕ ನದಿಯ ಚಿತ್ರ: ಅಸಲಿಯೇ, ಆ ಊರು ಎಲ್ಲಿದೆ, ಅದು ಏನು ಹೇಳುತ್ತದೆ?

ಪ್ರಶ್ನೆ: ನಾಲ್ಕು ವರ್ಷದಿಂದ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇವೆ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಫ್ರೇಮ್ ಹಾಕಿದ ಒಂದು ಚಿತ್ರ ಕೊಂಡೆ. ಸುಮಾರು 17 ಸೆಂ.ಮೀ. ಎತ್ತರ, 27 ಸೆಂ.ಮೀ. ಅಗಲ. ಕಪ್ಪು ಗೆರೆಗಳು, ಅವುಗಳ ಮೇಲೆ ತೆಳುವಾಗಿ ಬೂದು ಬಣ್ಣ. ಎಡಗಡೆ ಏರಿ, ಅದರ ಮೇಲೆ ತಲೆ ಮುರಿದ ಒಂದು ಮರ. ನಡುವೆ ಹಸುಗಳನ್ನು ತುಂಬಿಕೊಂಡ ದೋಣಿ. ದೂರದಲ್ಲಿ ಒಂದು ಮೊಂಡು ಗೋಪುರ. ಕೆಳಗೆ ‘ವಿ.ಜಿ. 1653’ ಎಂಬ ಗುರುತು. ಹುಡುಕಿದರೆ ಯಾನ್ ವಾನ್ ಗೋಯೆನ್ ಎಂಬ ಕಲಾವಿದನ ಹೆಸರು ಬರುತ್ತದೆ. ಗೋಪುರ ಹುಡುಕಿಕೊಂಡು ಎರಡು ಭಾನುವಾರ ಆರ್ನ್‌ಹೆಮ್‌ನಿಂದ ರೇನೆನ್‌ವರೆಗೆ ನದಿ ದಂಡೆಯಲ್ಲಿ ಸೈಕಲ್ ತುಳಿದೆ, ಸಿಗಲಿಲ್ಲ. ಹಾಗಾದರೆ ಇದು ಬರೀ ಕಲ್ಪನೆಯೇ, ಇಲ್ಲ ನಕಲಿಯೇ? ಸಹೋದ್ಯೋಗಿಯೊಬ್ಬರು ದೋಣಿ ಎಂದರೆ ಆತ್ಮದ ಪಯಣ, ಮುರಿದ ಮರ ಎಂದರೆ ಸಾವು, ಗೋಪುರ ಎಂದರೆ ಸ್ವರ್ಗ ಎನ್ನುತ್ತಾರೆ. ನನ್ನ ಹೆಂಡತಿಗೆ ಅದು ಬರೀ ಹಸು, ದೋಣಿ. ಕಾಗದ ಕಂದಿದೆ, ಅಲ್ಲಲ್ಲಿ ಕಂದು ಚುಕ್ಕೆ ಬಿದ್ದಿದೆ. ತೊಳೆಸಬಹುದೇ? ಮುಂದಿನ ವರ್ಷ ಬೆಂಗಳೂರಿಗೆ ಮರಳುವಾಗ ಒಯ್ಯಬಹುದೇ?

ಉತ್ತರ: ಗಾಜಿನ ಮೇಲಿಂದ ಮೊಬೈಲ್‌ನಲ್ಲಿ ತೆಗೆದ ಒಂದೇ ಫೋಟೊ ಕಳಿಸಿದ್ದೀರಿ. ಅಷ್ಟನ್ನು ನೋಡಿ ಅಸಲಿಯೋ ನಕಲಿಯೋ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ನಿಮ್ಮ ಪ್ರಶ್ನೆಗಳ ತಳದಲ್ಲಿ ಒಂದು ಆತಂಕವಿದೆ: ಗೋಪುರ ಸಿಗಲಿಲ್ಲ, ಆದ್ದರಿಂದ ಚಿತ್ರ ಸುಳ್ಳು. ಅದು ಸರಿಯಲ್ಲ. ಅಲ್ಲಿಂದಲೇ ಶುರು ಮಾಡೋಣ.

17ನೇ ಶತಮಾನದ ಡಚ್ ಕಲಾವಿದರಿಗೆ ಎರಡು ಮಾತುಗಳು ಬಾಯಿಪಾಠವಾಗಿದ್ದವು. ಒಂದು ‘ನಾರ್ ಹೆಟ್ ಲೇವನ್’, ಅಂದರೆ ಕಣ್ಣೆದುರು ಇರುವುದನ್ನು ನೋಡಿ ಬರೆದದ್ದು. ಇನ್ನೊಂದು ‘ಔಟ್ ಡೆನ್ ಹೇಸ್ಟ್’, ಮನಸ್ಸಿನಿಂದ ಬರೆದದ್ದು. ಕಾರೆಲ್ ವಾನ್ ಮಾಂಡರ್ 1604ರಲ್ಲಿ ಪ್ರಕಟಿಸಿದ ಕಲಾಗ್ರಂಥದಲ್ಲಿ ಎಳೆಯ ಚಿತ್ರಕಾರರಿಗೆ ಬೆಳಗ್ಗೆ ಬೇಗ ಎದ್ದು ಊರ ಹೊರಗೆ ಹೋಗಿ ನೋಡಿ ಬರೆಯಿರಿ ಎಂದು ಹೇಳುತ್ತಾನೆ. ಹಾಗೆ ಬರೆದು ತಂದದ್ದು ಮಾರುವ ಸರಕಲ್ಲ, ಮನೆಯಲ್ಲಿ ಕೂಡಿಡುವ ದವಸ. ವಾನ್ ಗೋಯೆನ್ ಕೆಲಸ ಮಾಡಿದ ರೀತಿಯೂ ಇದೇ. 1596ರಲ್ಲಿ ಲೈಡನ್‌ನಲ್ಲಿ ಹುಟ್ಟಿ, ಹಾರ್ಲೆಮ್‌ನಲ್ಲಿ ಎಸಾಯಸ್ ವಾನ್ ಡೆ ವೆಲ್ಡೆ ಬಳಿ ಕಲಿತು, 1656ರಲ್ಲಿ ಹೇಗ್ ನಗರದಲ್ಲಿ ತೀರಿಕೊಂಡವನು. ಅಂಗೈಗಿಂತ ತುಸು ದೊಡ್ಡದಾದ ಪುಸ್ತಕ ಹಿಡಿದು ದೋಣಿಯಲ್ಲಿ, ಏರಿಯ ಮೇಲೆ, ಪೇಟೆ ಬಾಗಿಲಲ್ಲಿ ಕೂತು ಕರಿಬಳಪದಲ್ಲಿ ಗೀಚುತ್ತಿದ್ದ. 1650-51ರ ಪುಸ್ತಕದಲ್ಲಿ ರೈನ್ ನದಿಯ ಗುಂಟ ಮಾಡಿದ ಪ್ರಯಾಣ ಪುಟಪುಟವಾಗಿ ದಾಖಲಾಗಿತ್ತು. 1651ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಪಕ್ಕದ ಸಂತ ಆಂಟನಿ ಏರಿ ಒಡೆದದ್ದೂ ಅದರಲ್ಲಿತ್ತು. 20ನೇ ಶತಮಾನದಲ್ಲಿ ಆ ಪುಸ್ತಕದ ಹೊಲಿಗೆ ಬಿಚ್ಚಿ ಹಾಳೆ ಹಾಳೆಯಾಗಿ ಮಾರಿಬಿಟ್ಟರು. ಒಬ್ಬ ಮನುಷ್ಯ ಯಾವ ತಿರುವಿನ ನಂತರ ಏನು ಕಂಡ ಎಂಬ ಕ್ರಮವೇ ಚದುರಿಹೋಯಿತು. ಈ ಕಲೆಗೆ ಆದ ದೊಡ್ಡ ನಷ್ಟಗಳಲ್ಲಿ ಇದೂ ಒಂದು.

ಮನೆಗೆ ಬಂದ ಮೇಲೆ ಆ ಗೀಚುಗಳಿಂದ ದೊಡ್ಡ ಹಾಳೆ ಹುಟ್ಟುತ್ತಿತ್ತು. ಈ ಊರಿನ ಗೋಪುರ, ಆ ಊರಿನ ಕಡವು, ಇನ್ನೆಲ್ಲಿಯದೋ ಮರ. ಯುಟ್ರೆಕ್ಟ್ ಬಳಿಯ ಪೆಲ್ಲೆಕುಸ್ಸನ್ ಬಾಗಿಲನ್ನು ಅವನು ಹಲವು ಬಾರಿ ಚಿತ್ರಿಸಿದ್ದಾನೆ, ಪ್ರತಿ ಬಾರಿಯೂ ಸುತ್ತಮುತ್ತ ಬೇರೆ ನೀರು, ಬೇರೆ ಮನೆ. ಕೊಳ್ಳುವವರು ಇದನ್ನು ಮೋಸ ಎಂದುಕೊಳ್ಳಲಿಲ್ಲ. ಅವರಿಗೆ ನಕ್ಷೆ ಬೇಕಿದ್ದರೆ ನಕ್ಷೆ ಮಾಡುವವರು ಬೇರೆಯೇ ಇದ್ದರು. ಚಿತ್ರದಲ್ಲಿ ಅವರಿಗೆ ಬೇಕಿದ್ದದ್ದು ‘ಇದು ನಮ್ಮ ಕಡೆಯ ನದಿ’ ಎಂಬ ಗುರುತು. ಗೋಪುರ ನಿಜ, ದೋಣಿ ನಿಜ, ಏರಿ ನಿಜ. ಅವು ಒಟ್ಟಿಗೆ ನಿಂತದ್ದು ಮಾತ್ರ ಕಾಗದದ ಮೇಲೆ.

ನದಿಯೂ ಅಲ್ಲೇ ನಿಂತಿಲ್ಲ. ರೈನ್ ನದಿಯ ಕವಲುಗಳಾದ ವಾಲ್ ಮತ್ತು ನೇಡರ್‌ರೈನ್ ಬೇರ್ಪಡುವ ಜಾಗದಲ್ಲಿ 1701ರಿಂದ 1707ರವರೆಗೆ ಪನ್ನರ್ಡನ್ ಕಾಲುವೆ ತೋಡಿ ನೀರಿನ ಹಂಚಿಕೆಯನ್ನೇ ಬದಲಿಸಿದರು. 19ನೇ ಶತಮಾನದಲ್ಲಿ ತಿರುವುಗಳನ್ನು ನೇರಮಾಡಿ, ದಂಡೆಯಿಂದ ನದಿಯೊಳಕ್ಕೆ ಚಾಚುವ ಕಲ್ಲಿನ ಗೋಡೆಗಳನ್ನು ಸಾಲಾಗಿ ಕಟ್ಟಿದರು. ನೀವು ಸೈಕಲ್ ತುಳಿದ ನೇಡರ್‌ರೈನ್‌ಗೆ 20ನೇ ಶತಮಾನದಲ್ಲಿ ಅಡ್ಡಕಟ್ಟೆಗಳೂ ಬಂದವು. ವಾನ್ ಗೋಯೆನ್ ಮತ್ತೆ ಮತ್ತೆ ಚಿತ್ರಿಸಿದ ನೈಮೇಗನ್‌ನ ಫಾಲ್ಕ್‌ಹಾಫ್ ಕೋಟೆಯನ್ನು 1796ರ ಹೊತ್ತಿಗೆ ಕೆಡವಲು ಶುರುಮಾಡಿ, ಒಂದೆರಡು ಚಾಪೆಲ್ (ಸಣ್ಣ ಪ್ರಾರ್ಥನಾ ಮಂದಿರ) ಬಿಟ್ಟು ಹೆಚ್ಚುಕಡಿಮೆ ಎಲ್ಲವನ್ನೂ ಕಲ್ಲಿಗಾಗಿ ಮಾರಿದರು. ಹಾಗಾಗಿ ಅವನ ನದಿಯಲ್ಲಿ ಇವತ್ತು ಸೈಕಲ್ ತುಳಿದು ಒಂದು ಜಾಗ ಹಿಡಿಯುವುದು ಕಷ್ಟ. ನಿಮ್ಮ ಆ ಮೊಂಡು ಗೋಪುರದ ಬಗ್ಗೆ ಮಾತ್ರ ಹೇಳುವುದಿದೆ, ಕೊನೆಗೆ ಬರುತ್ತೇನೆ.

ಇನ್ನು ಅರ್ಥದ ಪ್ರಶ್ನೆ. ನಿಮ್ಮ ಹೆಂಡತಿ ಹೇಳಿದ್ದು ಹೆಚ್ಚು ಸರಿ. ಅವರು ನಿಲ್ಲಿಸಿದಲ್ಲಿಂದ ಮುಂದಕ್ಕೆ ಹೋಗೋಣ: ಎಂಥ ದೋಣಿ, ಎಂಥ ಮರ, ಯಾಕೆ ಹಸು?

ಆ ‘ತಲೆ ಮುರಿದ ಮರ’ದಿಂದಲೇ ಹಿಡಿಯೋಣ. ಫೋಟೊವನ್ನು ದೊಡ್ಡದು ಮಾಡಿ ನೋಡಿ. ಕಾಂಡ ಗಿಡ್ಡ, ದಪ್ಪ. ತುದಿಯಲ್ಲಿ ಮುಷ್ಟಿಯಂಥ ಗಂಟು. ಗಂಟಿನಿಂದ ನೆಟ್ಟಗೆ ಎದ್ದ ಸಣ್ಣ ಸಣ್ಣ ಕಡ್ಡಿಗಳು. ಇದನ್ನು ಗಾಳಿ ಮುರಿದಿಲ್ಲ, ಸಿಡಿಲು ಹೊಡೆದಿಲ್ಲ. ಇದು ತಲೆ ಕಡಿದು ಬೆಳೆಸಿದ ವಿಲೋ ಮರ. ದನ ಮೇಯದ ಎತ್ತರದಲ್ಲಿ ಕಾಂಡ ಕತ್ತರಿಸಿ, ಅಲ್ಲಿಂದ ಚಿಗುರಿದ ಕೊಂಬೆಗಳನ್ನು ಕೆಲವು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಸವರುತ್ತಾರೆ. ಆ ಕೊಂಬೆಗಳಿಂದ ಬುಟ್ಟಿ, ಬೇಲಿ, ಪೀಪಾಯಿಯ ಬಳೆ ಆಗುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಹೊರೆ ಕಟ್ಟಿ ಹೆಣೆದು ಏರಿಯ ಬುಡಕ್ಕೆ ಹಾಸುತ್ತಿದ್ದರು, ನೀರು ಮಣ್ಣನ್ನು ಕೊರೆಯದಿರಲೆಂದು. ಅಂದರೆ ನಿಮ್ಮ ಚಿತ್ರದಲ್ಲಿ ಏರಿ ಮತ್ತು ಆ ಮರ ಒಂದೇ ಕೆಲಸದ ಎರಡು ತುದಿಗಳು. ನಿಮ್ಮ ಸಹೋದ್ಯೋಗಿ ಸಾವು ಕಂಡಲ್ಲಿ ಅಂದಿನ ರೈತ ಮುಂದಿನ ಚಳಿಗಾಲದ ದುರಸ್ತಿ ಸಾಮಾನು ಕಾಣುತ್ತಿದ್ದ.

ಏರಿಯ ಮಾತು ಅಲ್ಲಿಗೇ ಮುಗಿಯುವುದಿಲ್ಲ. ‘ಏರಿ ಕಟ್ಟಲೊಲ್ಲದವನು ಜಾಗ ಖಾಲಿ ಮಾಡಬೇಕು’ ಎಂಬುದು ಅಲ್ಲಿನ ಹಳೆಯ ಗಾದೆ. ಬರೀ ಗಾದೆಯಲ್ಲ, ಕಾನೂನೂ ಹೌದು. ಪ್ರತಿ ಜಮೀನಿನವನಿಗೂ ಏರಿಯ ಇಷ್ಟು ಉದ್ದ ಎಂದು ಪಾಲು ಇರುತ್ತಿತ್ತು. ಸರಿಪಡಿಸಲು ಕೈಲಾಗದಿದ್ದರೆ ತನ್ನ ಪಾಲಿನ ಏರಿಯಲ್ಲಿ ಸನಿಕೆ ನೆಟ್ಟು ಹೊರಡಬೇಕು. ಸನಿಕೆ ಕಿತ್ತವನು ಕೆಲಸದ ಹೊಣೆ ಹೊರುತ್ತಾನೆ, ಜಮೀನು ಅವನದಾಗುತ್ತದೆ. ಇದನ್ನೆಲ್ಲ ನಡೆಸುತ್ತಿದ್ದದ್ದು ಜಲಮಂಡಳಿಗಳು. ಲೈಡನ್ ಸುತ್ತಲಿನ ರೈನ್‌ಲ್ಯಾಂಡ್ ಮಂಡಳಿಯ ಚರಿತ್ರೆ 13ನೇ ಶತಮಾನಕ್ಕೆ ಹೋಗುತ್ತದೆ. ನಿಮ್ಮ ಐಂಡ್‌ಹೋವನ್ ಮನೆಗೂ ವರ್ಷಕ್ಕೊಮ್ಮೆ ಡೊಮ್ಮೆಲ್ ನದಿಯ ಜಲಮಂಡಳಿಯ ತೆರಿಗೆ ಚೀಟಿ ಬರುತ್ತದಲ್ಲ, ಅದು ಆ ಸನಿಕೆಯ ವಂಶದ್ದೇ. ಚಿತ್ರದಲ್ಲಿ ಏರಿಯ ಮೇಲೆ ಇಬ್ಬರು ನಿಂತು ಮಾತಾಡುತ್ತಿದ್ದರೆ ಅಂದಿನ ನೋಡುಗ ಅದನ್ನು ಬರೀ ನೋಟವೆಂದು ನೋಡಿರಲಾರ. ಅವನ ಅಡುಗೆಮನೆಯ ನೆಲ ನದಿಯ ಮಟ್ಟಕ್ಕಿಂತ ಕೆಳಗಿತ್ತು.

ಹಸು ತುಂಬಿದ್ದು ಚಪ್ಪಟೆ ತಳದ ಕಡವಿನ ದೋಣಿ. ಬೇಸಗೆಯ ತಗ್ಗು ಏರಿಗೂ ಚಳಿಗಾಲದ ಎತ್ತರದ ಏರಿಗೂ ನಡುವಿನ ಬಯಲು ಚಳಿಗಾಲದಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಹುಲ್ಲುಗಾವಲಾಗುತ್ತದೆ. ದನಗಳನ್ನು ಈ ದಡದಿಂದ ಆ ದಡದ ಹುಲ್ಲಿಗೆ ದಾಟಿಸುವುದು ಪ್ರತಿದಿನದ ಕೆಲಸ. ಕೊಬ್ಬಿದ ಹಸು ಹಾಲೆಂಡ್‌ನ ಸಮೃದ್ಧಿಯ ಗುರುತೂ ಆಗಿತ್ತು. ರಾಜಕೀಯದ ಅಚ್ಚುಚಿತ್ರಗಳಲ್ಲಿ ನಾಡನ್ನೇ ಹಸುವಾಗಿ ತೋರಿಸುತ್ತಿದ್ದರು. ದೋಣಿಯ ಹಿಂದೆ ನೀರಿನಲ್ಲಿ ಕಾಣುವ ಕಪ್ಪು ಗೂಟಗಳು ಬಹುಶಃ ಮೀನಿನ ಕೂಣಿ ಕಟ್ಟುವವು. ಹಾಯಿಯ ದೋಣಿ ಇದ್ದರೆ ಅದರ ಪಕ್ಕಕ್ಕೆ ಅಂಟಿಕೊಂಡ ರೆಕ್ಕೆಯಂಥ ಹಲಗೆ ಹುಡುಕಿ. ತಳ ಚಪ್ಪಟೆಯಾದ್ದರಿಂದ ಗಾಳಿಗೆ ಅಡ್ಡ ಜಾರದಂತೆ ಇಳಿಬಿಡುವ ಹಲಗೆ ಅದು. ನೀರಿನ ಬದುಕು ಗೊತ್ತಿದ್ದವನು ಅದನ್ನು ಸರಿಯಾದ ಬದಿಯಲ್ಲಿ ಬರೆಯುತ್ತಾನೆ. ನಕಲು ಮಾಡುವವನು ಅನೇಕ ಸಲ ಅದನ್ನೊಂದು ಮಸಿ ಮಚ್ಚೆ ಮಾಡಿಬಿಡುತ್ತಾನೆ.

ಇಂಥ ಚಿತ್ರಗಳಿಗೆ ಆ ಹೊತ್ತಿನಲ್ಲೇ ಬೇಡಿಕೆ ಯಾಕೆ ಬಂತು? ಸ್ಪೇನ್ ಜೊತೆಗಿನ ಯುದ್ಧ 1568ರಿಂದ 1648ರವರೆಗೆ ನಡೆಯಿತು. 1609ರಿಂದ 1621ರವರೆಗೆ ಮಾತ್ರ ಕದನವಿರಾಮ. ಆ ಬಿಡುವಿನಲ್ಲಿ ಊರ ಬಾಗಿಲು ದಾಟಿ ಅಡ್ಡಾಡುವುದು ಮತ್ತೆ ಸಾಧ್ಯವಾಯಿತು. 1611-12ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಮ್‌ನ ಕ್ಲಾಸ್ ಯಾನ್ಸ್ ವಿಸ್ಸರ್ ಹಾರ್ಲೆಮ್ ಸುತ್ತಲಿನ ‘ಹಿತವಾದ ತಾಣಗಳ’ ಒಂದು ಅಚ್ಚುಚಿತ್ರ ಸರಣಿ ಹೊರತಂದ. ಅದರಲ್ಲಿ ಪುರಾಣದ ವೀರರಿಲ್ಲ, ಆಲ್ಪ್ಸ್ ಬೆಟ್ಟಗಳಿಲ್ಲ. ಬಟ್ಟೆ ಬಿಳುಪಿಸುವ ಬಯಲು, ಹೆಂಡದಂಗಡಿ, ದೀಪಸ್ತಂಭ. ರಾಜನಿಲ್ಲದ ಒಂದು ಹೊಸ ಗಣರಾಜ್ಯ ತನ್ನ ಮುಖವನ್ನು ತಾನು ನೋಡಿಕೊಂಡದ್ದು ಹೀಗೆ. ಬೇಸಾಯಗಾರನೂ ಬೇಕರಿಯವನೂ ಕೊಳ್ಳಬಹುದಾದಷ್ಟು ಚಿತ್ರಗಳು ಮಾರುಕಟ್ಟೆಗೆ ಬಂದವು. ಕಡಿಮೆ ಬಣ್ಣ, ತೆಳು ಲೇಪ, ಬೇಗ ಮುಗಿಯುವ ಕೈ: ಹಾರ್ಲೆಮ್‌ನವರ ಆ ಬೂದುಗಂದು ಶೈಲಿಗೆ ಸೌಂದರ್ಯದ ಕಾರಣ ಇದ್ದಂತೆ ಲೆಕ್ಕಾಚಾರದ ಕಾರಣವೂ ಇತ್ತು. ಕ್ಷಿತಿಜವನ್ನು ತಗ್ಗಿಸಿ ಮುಕ್ಕಾಲು ಪಾಲು ಆಕಾಶಕ್ಕೆ ಬಿಟ್ಟದ್ದಕ್ಕೆ ಮಾತ್ರ ಲೆಕ್ಕ ಬೇಡ. ಆ ಚಪ್ಪಟೆ ನಾಡಿನಲ್ಲಿ ದೋಣಿಯಲ್ಲಿ ಕೂತವನಿಗೆ ಕಾಣುವುದೇ ಅಷ್ಟು.

ಹಾಗಾದರೆ ಆತ್ಮ, ಸಾವು, ಸ್ವರ್ಗ ಎಂಬುದೆಲ್ಲ ಕಟ್ಟುಕಥೆಯೇ? ಪೂರ್ತಿ ಅಲ್ಲ. ನದಿಯನ್ನು ಬಾಳಿಗೆ, ದಾರಿಗನನ್ನು ಯಾತ್ರಿಕನಿಗೆ ಹೋಲಿಸುವ ನೀತಿಪದ್ಯಗಳ ಸಚಿತ್ರ ಪುಸ್ತಕಗಳು ಆ ಕಾಲದ ಮನೆಮನೆಯಲ್ಲಿದ್ದವು. ಪ್ರತಿ ಭಾನುವಾರ ಪ್ರವಚನ ಕೇಳುತ್ತಿದ್ದ ಜನ ಚಿತ್ರ ನೋಡುವಾಗ ಅದನ್ನು ನೆನೆದಿರಬಹುದು. ಇಡೀ ಭೂದೃಶ್ಯವನ್ನು ಬೈಬಲ್‌ನ ಸಂಕೇತವಾಗಿ ಓದಬೇಕೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ, ಇವು ಬರೀ ನೋಟದ ದಾಖಲೆ ಎಂದವರೂ ಇದ್ದಾರೆ. ನನ್ನ ಅಭಿಪ್ರಾಯ ಹೀಗೆ: ನೆನಪಾಗುವುದು ಬೇರೆ, ಬಚ್ಚಿಟ್ಟ ಲಿಪಿ ಬೇರೆ. ದೋಣಿ ಎಂದರೆ ಆತ್ಮ ಎಂದು ಒಂದಕ್ಕೊಂದು ಹೊಂದಿಸಿದರೆ ಅದೇ ದೋಣಿಯನ್ನು ನೂರಾರು ಹಾಳೆಗಳಲ್ಲಿ ಎಡಕ್ಕೂ ಬಲಕ್ಕೂ ಸರಿಸಿ ಬರೆದ ವಾನ್ ಗೋಯೆನ್‌ನನ್ನು ವಿವರಿಸಲಾಗುವುದಿಲ್ಲ. ಎಡಗಡೆಯ ಕಪ್ಪು ಮರಕ್ಕೆ ಚಿತ್ರದೊಳಗೂ ಒಂದು ಕೆಲಸವಿದೆ: ಹತ್ತಿರದ್ದು ಕಪ್ಪಾಗಿ ನಿಂತರೆ ದೂರದ ಗೋಪುರ ಇನ್ನಷ್ಟು ದೂರ ಹೋಗುತ್ತದೆ. ಕೈಗೆ ಸಿಗುವ ವಸ್ತುವಿನ ಅರ್ಥ ಮುಗಿದ ಮೇಲೆ ಸಂಕೇತಕ್ಕೆ ಹೋಗಿ, ಮೊದಲೇ ಹೋಗಬೇಡಿ.

ಈಗ ಅಸಲಿ-ನಕಲಿ ಪರೀಕ್ಷೆ. ‘ವಿ.ಜಿ.’ ಮುದ್ರೆಗೂ 1653ಕ್ಕೂ ಹೆಚ್ಚು ಬೆಲೆ ಕೊಡಬೇಡಿ. ಆ ವರ್ಷ ಅವನು ಮಾರಾಟಕ್ಕೆಂದೇ ರಾಶಿ ರಾಶಿ ರೇಖಾಚಿತ್ರ ಮಾಡಿ ಸಹಿ, ವರ್ಷ ಹಾಕಿದ್ದು ನಿಜ. ನಿಮ್ಮ ಹಾಳೆಯ ಅಳತೆಯೂ ಅವಕ್ಕೆ ಹೊಂದುತ್ತದೆ. ಆದರೆ ಅದು ನಕಲು ಮಾಡುವವರಿಗೂ ಗೊತ್ತು. ಸಂತೆಯಲ್ಲಿ ಸಿಕ್ಕಿದ್ದು ಎಂದರೆ ಹೆಚ್ಚಿನ ಸಾಧ್ಯತೆ ಅಚ್ಚಾದ ಪ್ರತಿ, ಅದಕ್ಕಿಂತ ಕಡಿಮೆ 18-19ನೇ ಶತಮಾನದ ಕೈನಕಲು, ಇನ್ನೂ ಕಡಿಮೆ ಅವನ ಕಾಲದ ಬೇರೊಬ್ಬನದು. ಅವನದೇ ಕೈ ಎಂಬುದು ಕೊನೆಯ ಸಾಧ್ಯತೆ.

ಮನೆಯಲ್ಲೇ ಮಾಡಬಹುದಾದದ್ದು ಇಷ್ಟು. ಮೊದಲು ಫ್ರೇಮಿನ ಬೆನ್ನು ನೋಡಿ, ಚೀಟಿ, ಸಂಖ್ಯೆ, ಮೊಹರು ಏನಿದ್ದರೂ ಫೋಟೊ ತೆಗೆಯಿರಿ. ಯಾವುದನ್ನೂ ಕೀಳಬೇಡಿ. ನಂತರ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಿಂದ ಬೂದು ಬಣ್ಣವನ್ನು ನೋಡಿ. ಸಾಲಾಗಿ ಚುಕ್ಕೆ ಕಂಡರೆ ಇತ್ತೀಚಿನ ಮುದ್ರಣ, ಅಲ್ಲಿಗೆ ವಿಚಾರಣೆ ಮುಗಿಯಿತು. ಹುಳು ಹರಿದಂತೆ ಸಣ್ಣ ಬಲೆಬಲೆ ಕಂಡರೆ 19ನೇ ಶತಮಾನದ ಕೊನೆಯಿಂದ ಬಂದ ಕಾಲೊಟೈಪ್ ಅಚ್ಚು. ಅದು ಕಣ್ಣಿಗೆ ಬಹಳ ಚೆನ್ನಾಗಿ ಮೋಸ ಮಾಡುತ್ತದೆ. ಇನ್ನೂ ಹಿಂದಿನದು ಆಮ್‌ಸ್ಟರ್‌ಡ್ಯಾಮ್‌ನ ಕಾರ್ನೆಲಿಸ್ ಪ್ಲೋಸ್ ವಾನ್ ಆಮ್‌ಸ್ಟೆಲ್ 18ನೇ ಶತಮಾನದಲ್ಲಿ ಮಾಡಿದ ಅಚ್ಚುಗಳು. ಹಳೆಯ ಕಲಾವಿದರ ರೇಖಾಚಿತ್ರಗಳನ್ನು ಹಾಗೆಹಾಗೇ ಹೋಲುವಂತೆ ಮಾಡಲೆಂದೇ ಅವನು ಹೊಸ ವಿಧಾನ ಕಂಡುಕೊಂಡಿದ್ದ. ಅಂಥದ್ದು ನಿಮ್ಮ ಕೈಯಲ್ಲಿದ್ದರೆ ಅದಕ್ಕೂ ಅದರದೇ ಬೆಲೆಯಿದೆ.

ಕೋಣೆ ಕತ್ತಲು ಮಾಡಿ ಟಾರ್ಚನ್ನು ಹಾಳೆಗೆ ಹೆಚ್ಚುಕಡಿಮೆ ಸಮನಾಗಿ ಪಕ್ಕದಿಂದ ಹಿಡಿಯಿರಿ. ಕರಿಬಳಪ ಎಂದರೆ ಇಂಗಾಲ ಬೆರೆತ ಮೆತ್ತನೆ ಕಲ್ಲು. ಅದು ಕಾಗದದ ಉಬ್ಬುಗಳ ಮೇಲೆ ಮಾತ್ರ ಕೂತು ತಗ್ಗುಗಳನ್ನು ಬಿಟ್ಟು ಹೋಗುತ್ತದೆ, ಆದ್ದರಿಂದ ಗೆರೆ ತುಂಡುತುಂಡಾಗಿ ಕಾಣುತ್ತದೆ, ಹೊಳೆಯುವುದಿಲ್ಲ. ಗೆರೆ ಹೊಳೆದರೆ ಅದು ಪೆನ್ಸಿಲ್ ಸೀಸ, ಸಂಶಯಪಡಿ. ವಾನ್ ಗೋಯೆನ್‌ನ ಕೈಗೆ ಒಂದು ಚಾಳಿಯಿದೆ: ಎಲೆಗಳಿಗೆ ಕೊಕ್ಕೆ ಕೊಕ್ಕೆಯಾದ ಗೀಚು, ನೀರಿಗೆ ಉದ್ದ ಅಡ್ಡಗೆರೆಗಳು, ಮನುಷ್ಯರಿಗೆ ನಾಲ್ಕೈದು ಒತ್ತು ಅಷ್ಟೇ. ಒತ್ತಡ ಒಂದು ಗೆರೆಯೊಳಗೇ ಏರಿಳಿಯುತ್ತದೆ. ನಕಲಿನಲ್ಲಿ ಗೆರೆಗಳೆಲ್ಲ ಒಂದೇ ಕಪ್ಪು, ತಿರುವಿನಲ್ಲಿ ಅಳುಕು, ಬೂದು ಬಣ್ಣ ಗೆರೆಯ ಅಂಚಿಗೆ ಸರಿಯಾಗಿ ಬಂದು ನಿಂತಿರುತ್ತದೆ. ಅಸಲಿಯಲ್ಲಿ ಬಣ್ಣ ಗೆರೆಗೆ ಕಾಯುವುದಿಲ್ಲ, ಅದು ಬೆಳಕಿನ ದಾರಿ ಹಿಡಿದು ಗೆರೆ ದಾಟಿ ಹೋಗುತ್ತದೆ. ಪೀಟರ್ ಡೆ ಮೋಲೆಯ್ನ್ ಕೂಡ ಇದೇ ಬಳಪ, ಇದೇ ಬೂದು ಬಣ್ಣ ಬಳಸಿದವನು. ಇಬ್ಬರನ್ನೂ ಅದಲುಬದಲು ಮಾಡಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ.

ಫ್ರೇಮಿನಿಂದ ಹೊರಗಿದ್ದು, ಹಿಂದೆ ಏನೂ ಅಂಟಿಸಿಲ್ಲದಿದ್ದರೆ ಬೆಳಕಿಗೆ ಹಿಡಿದು ನೋಡಬಹುದು. ಆ ಕಾಲದ ಕಾಗದವನ್ನು ತಂತಿಜಾಲರಿಯ ಮೇಲೆ ಎತ್ತುತ್ತಿದ್ದರಿಂದ ಒತ್ತೊತ್ತಾದ ಸಣ್ಣ ಗೆರೆಗಳೂ, ಅವಕ್ಕೆ ಅಡ್ಡವಾಗಿ ಎರಡರಿಂದ ಮೂರು ಸೆಂ.ಮೀ. ಅಂತರದ ಗೆರೆಗಳೂ ಕಾಣಬೇಕು. ನೋಟಿನಲ್ಲಿರುವಂಥ ವಾಟರ್‌ಮಾರ್ಕ್ ಸಿಕ್ಕರೆ ಅದೃಷ್ಟ. ಗಂಟೆ ಕಟ್ಟಿದ ಕೋಡಂಗಿ ಟೋಪಿ, ಕಿರೀಟದ ಗುರಾಣಿಯ ಮೇಲಿನ ಲಿಲ್ಲಿ ಹೂ ಆಗ ಸಾಮಾನ್ಯ. ಗೆರೆಗಳೇ ಇಲ್ಲದ ನುಣುಪು ಕಾಗದವಾದರೆ ಅದು 1750ರ ದಶಕಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ನೇರಳಾತೀತ ಟಾರ್ಚ್ ಹಿಡಿದಾಗ ಕಾಗದ ನೀಲಿಬಿಳಿಯಾಗಿ ಮಿನುಗಿದರೆ 1950ರ ಆಸುಪಾಸಿನ ಅಥವಾ ನಂತರದ ಕಾಗದ. ಆದರೆ ಉಲ್ಟಾ ವಾದ ನಿಲ್ಲದು: ಕಾಗದ ಹಳೆಯದಾದ ಮಾತ್ರಕ್ಕೆ ಚಿತ್ರ ಹಳೆಯದಲ್ಲ. ಹಳೇ ಪುಸ್ತಕಗಳ ಖಾಲಿ ಹಾಳೆ ಕಿತ್ತು ನಕಲು ಬರೆಯುವುದು ಹಳೆಯ ದಂಧೆ.

ಈ ಪರೀಕ್ಷೆಗಳಲ್ಲಿ ಯಾವುದೂ ‘ಅಲ್ಲ’ ಎನ್ನದಿದ್ದರೆ ಮುಂದಿನ ಹೆಜ್ಜೆ ಇಡಿ. ಹೇಗ್‌ನಲ್ಲಿರುವ ಡಚ್ ಕಲಾ ಇತಿಹಾಸ ಸಂಸ್ಥೆ ಆರ್‌ಕೆಡಿಯ ಚಿತ್ರಕೋಶ ಆನ್‌ಲೈನಿನಲ್ಲಿ ಉಚಿತ. ಅದೇ ಚಿತ್ರದ ಅಸಲು ಯಾವುದಾದರೂ ಮ್ಯೂಸಿಯಂನಲ್ಲಿದೆಯೇ ನೋಡಿ. ಮೂಲೆಯಲ್ಲೋ ಬೆನ್ನಲ್ಲೋ ಸಣ್ಣ ಮೊಹರು ಇದ್ದರೆ ಅದು ಹಿಂದಿನ ಸಂಗ್ರಾಹಕನ ಗುರುತು, ಪ್ಯಾರಿಸ್‌ನ ಕಸ್ಟೋಡಿಯಾ ಪ್ರತಿಷ್ಠಾನದ ಮೊಹರು ಕೋಶದಲ್ಲಿ ಹುಡುಕಬಹುದು. ಹರಾಜು ಮನೆಗಳು ಫೋಟೊ ನೋಡಿ ಅಂದಾಜು ಹೇಳುವುದುಂಟು, ಆದರೆ ಅವರ ಆಸಕ್ತಿ ಮಾರಾಟದಲ್ಲಿ. 1933ರಿಂದ 1945ರವರೆಗೆ ಅದು ಯಾರ ಬಳಿ ಇತ್ತು ಎಂಬುದೂ ಮುಖ್ಯ. ನಾಜಿಗಳು ಡಚ್ ಯಹೂದಿಗಳ ಸಂಗ್ರಹಗಳಿಂದ ಕಸಿದ ಕೃತಿಗಳಿಗೆ ಇವತ್ತಿಗೂ ವಾರಸುದಾರರಿದ್ದಾರೆ. ಯಹೂದಿ ಕಲಾವ್ಯಾಪಾರಿ ಗೌಡ್‌ಸ್ಟಿಕರ್‌ನ ಕುಟುಂಬಕ್ಕೆ 2006ರಲ್ಲಿ 202 ಚಿತ್ರಗಳು ಮರಳಿದವು.

ತೊಳೆಯುವ ವಿಷಯಕ್ಕೆ ನೇರ ಉತ್ತರ: ಬೇಡ. ಕನಿಷ್ಠ ಈಗ ಬೇಡ. ಕಾಗದ ಕಂದುವುದಕ್ಕೆ ಮುಖ್ಯ ಕಾರಣ ಹಿಂದಿನ ಅಗ್ಗದ ರಟ್ಟಿನ ಆಮ್ಲ ಮತ್ತು ಬೆಳಕು. ಕಂದು ಚುಕ್ಕೆ ತೇವದಿಂದಲೋ ಬೂಷ್ಟಿನಿಂದಲೋ ಕಾಗದದೊಳಗಿನ ಲೋಹದ ಕಣದಿಂದಲೋ ಬರುತ್ತದೆ. ನೀರಿಗಿಳಿಸಿದರೆ ಆಮ್ಲ ಹೋಗಬಹುದು, ಜೊತೆಗೆ ಬೂದು ಬಣ್ಣ ಕದಡಬಹುದು, ಸಡಿಲ ಬಳಪ ಉದುರಬಹುದು, ಬೆನ್ನಿನ ಮೇಲಿನ ಬರಹ ಅಳಿಯಬಹುದು. ಬ್ಲೀಚ್ ಚುಕ್ಕೆ ತೆಗೆಯುತ್ತದೆ, ಕಾಗದದ ಜೀವವನ್ನೂ ತೆಗೆಯುತ್ತದೆ. ಬ್ರೆಡ್ಡಿನ ತಿರುಳು, ರಬ್ಬರು ಇವುಗಳಿಂದ ಉಜ್ಜುವ ಮನೆಮದ್ದು ಬಳಪದ ಚಿತ್ರಕ್ಕೆ ಅಪಾಯ: ಕೊಳೆಗಿಂತ ಮೊದಲು ಗೆರೆ ಹೋಗುತ್ತದೆ. ಅಸಲಿ ಎಂಬ ಸಾಧ್ಯತೆ ಉಳಿದರೆ ಕಾಗದ ಸಂರಕ್ಷಕರಲ್ಲಿಗೆ ಒಯ್ಯಿರಿ. ಎಷ್ಟು ಶುಚಿ ಬೇಕು ಎನ್ನುವುದಕ್ಕಿಂತ ಎಷ್ಟು ಬಿಡಬೇಕು ಎಂದು ಅವರನ್ನು ಕೇಳಿ.

ನೀವು ಧೈರ್ಯವಾಗಿ ಮಾಡಿಸಬಹುದಾದ್ದು ಫ್ರೇಮ್ ಬದಲಾವಣೆ. ಹಿಂದಿನ ರಟ್ಟಿಗೆ ಅಂಟಿಸಿರದಿದ್ದರೆ ಮಾತ್ರ. ಆಮ್ಲವಿಲ್ಲದ ಹತ್ತಿಯ ರಟ್ಟು, ಹಾಳೆಯ ಮೇಲಂಚಿನಲ್ಲಿ ಮಾತ್ರ ಗೋಧಿಗಂಜಿಯಿಂದ ಅಂಟಿಸಿದ ಜಪಾನಿ ಕಾಗದದ ಎರಡು ಕೀಲು, ಗಾಜು ಚಿತ್ರಕ್ಕೆ ತಾಗದಂತೆ ಅಂತರ. ಟೇಪ್ ಯಾವ ಕಾರಣಕ್ಕೂ ಬೇಡ. ಅಂಗಡಿಯವರು ಅಕ್ರಿಲಿಕ್ ಹಾಳೆ ಹಗುರ ಎಂದು ಒತ್ತಾಯಿಸುತ್ತಾರೆ. ಸಾದಾ ಅಕ್ರಿಲಿಕ್ ಒರೆಸಿದಾಗ ಸ್ಥಿರವಿದ್ಯುತ್ ಹುಟ್ಟಿ ಬಳಪದ ಪುಡಿಯನ್ನು ಮೇಲಕ್ಕೆಳೆಯುತ್ತದೆ. ಅದಕ್ಕೇ ನೇರಳಾತೀತ ತಡೆಯುವ ಗಾಜು ಕೇಳಿ. ಬೆಳಕು 50 ಲಕ್ಸ್ (ಬೆಳಕಿನ ಅಳತೆಯ ಮಾನ) ಮೀರದಿರಲಿ. ಕಿಟಕಿಯ ಎದುರು ಗೋಡೆ ಬೇಡ. ಬಳಪ ಬೆಳಕಿಗೆ ಮಾಸುವುದಿಲ್ಲ, ಆದರೆ ಕಾಗದ ಕಪ್ಪಾಗುತ್ತ ಬಂದು ದೂರದ ದಡವನ್ನು ಮೊದಲು ನುಂಗುತ್ತದೆ. ವರ್ಷದಲ್ಲಿ ಮೂರು ತಿಂಗಳು ತೂಗುಹಾಕಿ, ಉಳಿದ ಕಾಲ ಪೆಟ್ಟಿಗೆಯಲ್ಲಿಡಿ.

ಬೆಂಗಳೂರಿಗೆ ಒಯ್ಯುವುದಾದರೆ ಸುರುಳಿ ಸುತ್ತಬೇಡಿ, ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ ಕೈಚೀಲದಲ್ಲಿ ಒಯ್ಯಿರಿ. 50 ವರ್ಷ ಮೀರಿದ ರೇಖಾಚಿತ್ರದ ಬೆಲೆ 15,000 ಯೂರೋ ದಾಟಿದರೆ ಯುರೋಪಿಯನ್ ಒಕ್ಕೂಟದಿಂದ ಹೊರಗೆ ಒಯ್ಯಲು ಪರವಾನಗಿ ಬೇಕು. ಸಂತೆಯ ರಸೀದಿ ಇಟ್ಟುಕೊಳ್ಳಿ, ಆದರೆ ಅಸಲಿ ಎಂದಾದರೆ ಲೆಕ್ಕಕ್ಕೆ ಬರುವುದು ನೀವು ಕೊಟ್ಟ ಹಣವಲ್ಲ, ಅದರ ನಿಜ ಬೆಲೆ. ಇನ್ನೊಂದು ತೊಡಕು ಹಲವರಿಗೆ ಗೊತ್ತಿರುವುದಿಲ್ಲ: 100 ವರ್ಷ ಮೀರಿದ ಕಲಾಕೃತಿಗಳನ್ನು ಖಾಸಗಿಯವರು ಭಾರತದಿಂದ ಹೊರಗೆ ಕಳಿಸುವುದನ್ನು 1972ರ ಪುರಾವಸ್ತು ಕಾಯ್ದೆ ತಡೆಯುತ್ತದೆ, ಮತ್ತು ಕಾಯ್ದೆಯ ವ್ಯಾಖ್ಯೆ ಅದು ಎಲ್ಲಿ ಹುಟ್ಟಿತೆಂದು ಕೇಳುವುದಿಲ್ಲ. ಒಮ್ಮೆ ಬೆಂಗಳೂರಿಗೆ ಬಂದದ್ದನ್ನು ನಾಳೆ ಆಮ್‌ಸ್ಟರ್‌ಡ್ಯಾಮ್‌ನ ಹರಾಜಿಗೆ ಕಳಿಸುವುದು ಸುಲಭವಾಗಲಾರದು. ಆದ್ದರಿಂದ ಪರೀಕ್ಷೆಯೆಲ್ಲ ಅಲ್ಲೇ ಮುಗಿಸಿಕೊಂಡು ಹೊರಡಿ. ಇಲ್ಲಿಗೆ ಬಂದ ಮೇಲೆ ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕಬೇಡಿ. ತೇವಕ್ಕೆ ಬೂಷ್ಟು, ಗಂಜಿಗೆ ಸಿಲ್ವರ್‌ಫಿಶ್ ಹುಳ ಎರಡೂ ಬರುತ್ತವೆ.

ಇನ್ನು ಗೋಪುರ. ನೀವು ಹುಡುಕಿದ ದಾರಿಯಲ್ಲಿ ರೇನೆನ್‌ನ ಕುನೆರಾ ಗೋಪುರ ಕಂಡಿರುತ್ತದೆ: ಕೆಳಗೆ ಚೌಕ, ಮೇಲೆ ಎಂಟು ಮೂಲೆ, ತುದಿ ಸಪೂರ. ನಿಮ್ಮ ಚಿತ್ರದ್ದು ಹಾಗಿಲ್ಲ. ಅದು ಅಗಲ, ತುದಿಯಿಲ್ಲದೆ ತಟ್ಟನೆ ನಿಲ್ಲುತ್ತದೆ, ಮೇಲಂಚಿನಲ್ಲಿ ದುಂಡನೆಯ ಉಬ್ಬು. ನೀವು ಬೇರೆ ನದಿಯಲ್ಲಿ ಹುಡುಕಿದ್ದೀರಿ ಎಂದು ನನಗನ್ನಿಸುತ್ತದೆ. ಡಾರ್ಡ್ರೆಕ್ಟ್‌ನ ದೊಡ್ಡ ಚರ್ಚಿನ ಗೋಪುರ ಪೂರ್ತಿಯಾಗಲೇ ಇಲ್ಲ; ಶಿಖರದ ಜಾಗದಲ್ಲಿ 17ನೇ ಶತಮಾನದಲ್ಲಿ ನಾಲ್ಕು ಕಡೆಗೂ ನಾಲ್ಕು ದೊಡ್ಡ ಗಡಿಯಾರ ಕೂರಿಸಿದರು. ವಾನ್ ಗೋಯೆನ್ ಆ ಊರನ್ನು ನೀರಿನ ಕಡೆಯಿಂದ ಎಷ್ಟೋ ಬಾರಿ ಚಿತ್ರಿಸಿದ್ದಾನೆ. 1421ರ ಸಂತ ಎಲಿಜಬೆತ್ ಪ್ರವಾಹದಲ್ಲಿ ಏರಿಗಳು ಒಡೆದು ಸುತ್ತಲಿನ ಹೊಲ, ಹಳ್ಳಿಗಳು ಮುಳುಗಿ, ನೀರಿನ ನಡುವೆ ಉಳಿದ ಊರದು. 1572ರಲ್ಲಿ ಸ್ಪೇನ್ ವಿರುದ್ಧ ಎದ್ದ ಹಾಲೆಂಡ್ ನಗರಗಳು ಮೊದಲ ಬಾರಿಗೆ ಸ್ವತಂತ್ರವಾಗಿ ಸಭೆ ಸೇರಿದ್ದೂ ಅಲ್ಲೇ. 1653ರಲ್ಲಿ ಈ ಹಾಳೆಯನ್ನು ಕೈಗೆತ್ತಿಕೊಂಡವನಿಗೆ ಆ ಮೊಂಡು ಆಕಾರ ಸಾಕಿತ್ತು, ಹೆಸರು ಬರೆಯಬೇಕಿರಲಿಲ್ಲ.

ಮುಂದಿನ ಭಾನುವಾರ ರೈಲಿನಲ್ಲಿ ಡಾರ್ಡ್ರೆಕ್ಟ್‌ಗೆ ಹೋಗಿ, ಹಳೆ ಮಾಸ್ ನದಿ ದಾಟಿ ಎದುರು ದಡದ ಜ್ವೈನ್‌ಡ್ರೆಕ್ಟ್‌ನಲ್ಲಿ ನಿಂತು ನೋಡಿ. ಆಕಾರ ಹೊಂದಿದರೆ, ಗೋಪುರದ ಯಾವ ಮಗ್ಗುಲು ಚಿತ್ರದಲ್ಲಿದೆ ಎಂದು ಗಮನಿಸಿ. ಅಚ್ಚೊತ್ತುವಾಗ ಚಿತ್ರ ತಿರುಗಿಬೀಳುವುದುಂಟು, ಆದ್ದರಿಂದ ಎಡಬಲ ಅದಲುಬದಲಾಗಿದ್ದರೆ ಅಚ್ಚಿನ ಸಂಶಯ ಬಲವಾಗುತ್ತದೆ. ಹೊಂದಿಕೊಂಡರೆ ಬೆನ್ನಿನ ಫೋಟೊ, ಪಕ್ಕಬೆಳಕಿನಲ್ಲಿ ಆ ವಿಲೋ ಮರದ ಫೋಟೊ, ಬೆಳಕಿಗೆ ಹಿಡಿದ ಕಾಗದದ ಫೋಟೊ, ಈ ಮೂರನ್ನೂ ಗಾಜಿಲ್ಲದೆ ತೆಗೆದು ಕಳಿಸಿ.